ತಾತನ ರಾಲಿಗೆ ಹೊಸ ಗಾಲಿ, ಮೂರು ಗೇರು

ಗೇರಿಗೆ ಆಸೆಪಟ್ಟು ಕೈ ಹಾಕಿದೆ. ಕೊನೆಗೆ ಖುಷಿ ಕೊಟ್ಟಿದ್ದು ಬ್ರೇಕು. ಇಷ್ಟು ಗೊತ್ತಾದರೆ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಅಟ್ಟದ ಮೇಲೋ ಹಿತ್ತಲಿನ ಶೆಡ್ಡಿನಲ್ಲೋ ಹಳೇ ಇಂಗ್ಲಿಷ್ ಸೈಕಲ್ ಇಟ್ಟುಕೊಂಡು, "ಇದನ್ನ ಓಡೋ ಹಾಗೆ ಮಾಡಿಸ್ಬೇಕು" ಅಂತ ವರ್ಷಗಟ್ಟಲೆ ಅಂದುಕೊಳ್ಳುತ್ತಲೇ ಇರುವವರು ಮುಂದೆ ಓದಿ. ನಾನೂ ಹನ್ನೊಂದು ವರ್ಷ ಹಾಗೇ ಅಂದುಕೊಂಡಿದ್ದವನು.

ಹಾಕಿಸಿದ್ದು ಸ್ಟರ್ಮಿ-ಆರ್ಚರ್ ಕಂಪನಿಯ ಎರಡು ಹಬ್. ಹಬ್ ಅಂದರೆ ಚಕ್ರದ ನಡುವೆ ಕಡ್ಡಿಗಳೆಲ್ಲ ಬಂದು ಸೇರುವ ಭಾಗ. ಹಿಂದಿನ ಚಕ್ರಕ್ಕೆ ಎಕ್ಸ್-ಆರ್‌ಡಿ3. ಇದರ ಹೊಟ್ಟೆಯೊಳಗೇ ಮೂರು ಗೇರು, ಜೊತೆಗೊಂದು ಡ್ರಮ್ ಬ್ರೇಕ್. ಮುಂದಿನ ಚಕ್ರಕ್ಕೆ ಎಕ್ಸ್-ಎಫ್‌ಡಿ, ಬರೀ ಡ್ರಮ್ ಬ್ರೇಕ್. ಎರಡನ್ನೂ ಹೊಸ ಅಲಾಯ್ ರಿಮ್ಮಿಗೆ ಕಟ್ಟಿಸಿ, ತಾತನ 1953ರ ರಾಲಿ ಸೈಕಲ್ಲಿಗೆ ಕೂರಿಸಿದ್ದೇನೆ. ಮಾರ್ಚಿನಲ್ಲಿ ಮುಗಿದ ಕೆಲಸ. ಈಗ ಆಷಾಢ ಕಳೆದಿದೆ. 1,100 ಕಿಲೋಮೀಟರ್ ಓಡಿಸಿದ್ದೇನೆ. ಒಂದು ಮಾತು ಹೇಳುವಷ್ಟು ಧೈರ್ಯ ಈಗ ಬಂದಿದೆ.

ತಾತ ಕೃಷ್ಣರಾಜಪೇಟೆ ಕಡೆ ಶೇಕ್‌ದಾರರಾಗಿದ್ದರು, ಅಂದರೆ ಕಂದಾಯ ಇಲಾಖೆಯವರು. ಹಳ್ಳಿಹಳ್ಳಿ ಸುತ್ತುವ ಕೆಲಸ. ಕ್ಯಾರಿಯರ್ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ದಫ್ತರ, ಹ್ಯಾಂಡಲ್‌ಗೆ ಛತ್ರಿ, ಪಂಚೆಗೆ ಕ್ಲಿಪ್ಪು. 24 ಇಂಚಿನ ಫ್ರೇಮು. ನನ್ನಂಥ ಐದೂವರೆ ಅಡಿಯವನಿಗೆ ಇವತ್ತಿಗೂ ನಿಲ್ಲಿಸಿದಾಗ ಒಂದು ಕಾಲು ಕಲ್ಲಿನ ಮೇಲಿರಬೇಕು. ಚಿಕ್ಕವನಿದ್ದಾಗ ಇದರಲ್ಲೇ ಒಳಪೆಡಲ್ ಹೊಡೆದು ಕಲಿತೆ. ಮೊಣಕಾಲಿನ ಮೇಲಿನ ಎರಡು ಗಾಯದ ಗುರುತಿಗೂ ಇದೇ ಕಾರಣ. ಫೋರ್ಕಿನ ಹೆಗಲ ಮೇಲೆ ಎರಡು ಗುಂಡನೆಯ ಕ್ರೋಮ್ ಟೋಪಿ, ಪೆಡಲ್ ಪಕ್ಕದ ದೊಡ್ಡ ಹಲ್ಲುಚಕ್ರದಲ್ಲಿ ಕೊಕ್ಕರೆಯ ತಲೆಗಳು. ನಾಟಿಂಗ್‌ಹ್ಯಾಮಿನ ರಾಲಿ ಅಂತ ಗುರುತಿಸೋಕೆ ಹೆಸರು ಓದಬೇಕಾಗಿಲ್ಲ. ಬ್ರೂಕ್ಸ್ ಸೀಟಿನ ಚರ್ಮ ತಾತನ ಅಳತೆಗೇ ಇಳಿದು ಗಟ್ಟಿಯಾಗಿದೆ. ನನ್ನ ಅಳತೆಗೆ ಬಗ್ಗುವ ಲಕ್ಷಣ ಇಲ್ಲ.

ಫ್ರೇಮು, ಬಣ್ಣ, ಸೀಟು, ಬೆಲ್ಲು ಯಾವುದನ್ನೂ ಮುಟ್ಟಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಕತ್ತರಿಸೋದು, ವೆಲ್ಡ್ ಮಾಡೋದು ಇಲ್ಲವೇ ಇಲ್ಲ. ನಾಳೆ ನನ್ನ ಮಗಳು ಬೇಕೆಂದರೆ ಒಂದು ಭಾನುವಾರದಲ್ಲಿ ಎಲ್ಲ ಬಿಚ್ಚಿ ಹಳೇ ಚಕ್ರ ಹಾಕಿಕೊಳ್ಳುವಂತಿರಬೇಕು.

ಹಾಗಾದರೆ ಯಾಕೆ ಬದಲಾಯಿಸಬೇಕಿತ್ತು? ಎರಡು ವರ್ಷದ ಹಿಂದೆ ಒಂದು ಸಂಜೆ ಲಲಿತಮಹಲ್ ರಸ್ತೆಯಲ್ಲಿ ಊರ ಕಡೆಗೆ ಇಳಿದು ಬರುತ್ತಿದ್ದೆ. ಸಣ್ಣ ಮಳೆ. ಮುಂದೆ ಹೋಗುತ್ತಿದ್ದ ಆಟೋ ಕೈ ತೋರಿಸದೆ ಎಡಕ್ಕೆ ತಿರುಗಿತು. ಎರಡೂ ಬ್ರೇಕ್ ಬಿಗಿಯಾಗಿ ಹಿಡಿದೆ. ಸೈಕಲ್ಲಿಗೆ ನಾನು ಬ್ರೇಕ್ ಹಿಡಿದ ವಿಷಯವೇ ತಿಳಿಯಲಿಲ್ಲ! ರಾಡ್ ಬ್ರೇಕ್ ಇರೋದು ಹೀಗೆ: ಲಿವರ್ ಎಳೆದರೆ ಲಾಳದ ಆಕಾರದ ಒಂದು ಪಟ್ಟಿ ಮೇಲೆ ಬಂದು, ಎರಡು ರಬ್ಬರ್ ಗುಂಡಿಗಳನ್ನು ರಿಮ್ಮಿನ ಒಳಮೈಗೆ ಒತ್ತುತ್ತದೆ. ಒಣಗಿದ್ದಾಗ ಪರವಾಗಿಲ್ಲ. ಕ್ರೋಮ್ ರಿಮ್ ನೆನೆದರೆ ರಬ್ಬರ್ ಸುಮ್ನೆ ಜಾರುತ್ತದೆ. ಆವತ್ತು ನನ್ನನ್ನು ನಿಲ್ಲಿಸಿದ್ದು ಬಲಗಾಲಿನ ಚಪ್ಪಲಿ. ಆಟೋದ ಹಿಂಬದಿಗೂ ನನ್ನ ಮುಂಚಕ್ರಕ್ಕೂ ಗೇಣು ಜಾಗ ಉಳಿದಿತ್ತು. ಆಟೋದವರು ಇಳಿದು ಬಂದು, "ಏನ್ ಸಾರ್, ಈ ವಯಸ್ಸಲ್ಲಿ ಸರ್ಕಸ್ಸು" ಅಂದರು.

ಆಮೇಲೆ ಬೆಂಗಳೂರಿನ ಒಂದು ದೊಡ್ಡ ಸೈಕಲ್ ಶೋರೂಮಿಗೆ ಹೋದೆ. ಹೆಸರು ಬೇಡ. ಫೋಟೋ ನೋಡಿದ ಹುಡುಗ ಎರಡು ದಾರಿ ಹೇಳಿದ. ಒಂದು, ಫ್ರೇಮಿನಲ್ಲಿ ಹಿಂಚಕ್ರ ಕೂರುವ ಕಿವಿ ಕತ್ತರಿಸಿ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನ) ನೇತುಹಾಕುವ ಕೊಂಡಿ ವೆಲ್ಡ್ ಮಾಡಿ, ಏಳು ಗೇರು ಹಾಕಿ, ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸೋದು. ಎರಡು, ಸೈಕಲ್ಲನ್ನು ಕಾಫಿ ಅಂಗಡಿಯ ಗೋಡೆಗೆ ಕೊಡೋದು. "ಅಲ್ಲಿ ಚೆನ್ನಾಗಿ ಕಾಣತ್ತೆ ಅಂಕಲ್" ಅಂದ. ಅಂಕಲ್ ಅಂದಿದ್ದಕ್ಕೆ ಬೇಜಾರಿಲ್ಲ.

ಡಿರೇಲರ್ ಇಂಥ ಸೈಕಲ್ಲಿಗೆ ಒಗ್ಗುವುದಿಲ್ಲ. ಹಿಂಚಕ್ರ ಕೂರುವ ಕಿವಿ ಹಿಂದಕ್ಕೆ ತೆರೆದಿರುತ್ತದೆ, ಅಲ್ಲಿ ಡಿರೇಲರ್‌ಗೆ ಜಾಗವೇ ಇಲ್ಲ. ಏಳು ಹಲ್ಲುಚಕ್ರದ ಕಟ್ಟು ಹಿಡಿಸಲು ಫ್ರೇಮನ್ನು ಇನ್ನೂ ಜಾಸ್ತಿ ಅಗಲ ಮಾಡಬೇಕು. ಚೈನ್‌ಕೇಸ್ ಅಂತೂ ಹೋಗೇ ಹೋಯಿತು. ಹಾಗಾಗಿ ಗೇರು ಹಬ್ಬಿನ ಒಳಗಿರಬೇಕು. ಒಳಗೇ ಗೇರು ಅಂದಮೇಲೆ ರಾಲಿಗೆ ಸ್ಟರ್ಮಿ-ಆರ್ಚರ್ ಬಿಟ್ಟು ಬೇರೆ ಯಾವುದು?

ಇದಕ್ಕೊಂದು ಮನೆತನದ ಸಂಬಂಧವೂ ಇದೆ. ರಾಲಿ ಕಂಪನಿ ಕಟ್ಟಿದ ಫ್ರಾಂಕ್ ಬೌಡನ್ ಅವರೇ ಈ ಗೇರ್ ಕಂಪನಿಯನ್ನೂ ಶುರು ಮಾಡಿಸಿದ್ದು. ಮೂರು ಗೇರಿನ ಹಬ್ ಮಾರುಕಟ್ಟೆಗೆ ಬಂದಿದ್ದು 1902ರಲ್ಲಿ, ಊರು ಅದೇ ನಾಟಿಂಗ್‌ಹ್ಯಾಮ್. 1936ರಲ್ಲಿ ಬಂದ ಎಡಬ್ಲ್ಯು ಅನ್ನುವ ಹಬ್ ಎಷ್ಟು ಗಟ್ಟಿಯಾಗಿತ್ತೆಂದರೆ, ಆ ಕಾಲದವು ಇಂದಿಗೂ ತಿರುಗುತ್ತಿವೆ. 2000ರಲ್ಲಿ ನಾಟಿಂಗ್‌ಹ್ಯಾಮಿನ ಕಾರ್ಖಾನೆ ಮುಚ್ಚಿ, ತೈವಾನಿನ ಸನ್‌ರೇಸ್ ಕಂಪನಿ ಎಲ್ಲವನ್ನೂ ಕೊಂಡಿತು. ಅಂದರೆ ನಾನು ಹಾಕಿಸಿದ್ದು ತೈವಾನ್ ಮಾಲು. ಆದರೂ ಮೂರು ಗೇರಿನ ಲೆಕ್ಕ ಹಳೇದೇ: ಒಂದನೆಯದು ಮುಕ್ಕಾಲು, ಎರಡನೆಯದು ನೇರ, ಮೂರನೆಯದು ಒಂದೂ ಮೂರನೇ ಒಂದು.

ತಾತ ಕೊಂಡ ಕಾಲದಲ್ಲಿ ಗೇರಿನ ರಾಲಿಯೂ ಇತ್ತು. ತಾತ ದುಡ್ಡು ಉಳಿಸಿದರು, ಅಷ್ಟೇ. ಸೈಕಲ್ ಮುಟ್ಟಬೇಡ ಅಂತ ಫೋನಿನಲ್ಲೇ ಕೂಗಾಡಿದ ಚಿಕ್ಕಪ್ಪನಿಗೆ ಇದನ್ನು ಹೇಳಿದೆ. "ಉಳಿಸಿದ್ದಕ್ಕೇ ನೀನು ಓದಿದ್ದು" ಅಂದರು. ಅದಕ್ಕೆ ಉತ್ತರ ಇರಲಿಲ್ಲ.

ಈಗ ಅಳತೆಯ ರಾಮಾಯಣ. ದುಡ್ಡು ಕಳೆದುಕೊಳ್ಳುವವರು ಕಳೆದುಕೊಳ್ಳುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಮನೆಯ ಹಳೇ ಸೈಕಲ್ಲಿನ ಕಡ್ಡಿ ಎಣಿಸಿ ನೋಡಿ. ಮುಂದೆ 32, ಹಿಂದೆ 40 ಇರುತ್ತದೆ. ಇಂಗ್ಲಿಷರ ಲೆಕ್ಕ ಅದು. ನಮ್ಮ ಕರೀ ಸೈಕಲ್‌ಗಳೂ ಅದನ್ನೇ ಬಿಡದೆ ಹಿಡಿದುಕೊಂಡಿವೆ. ನನಗೆ ಸಿಕ್ಕ ಹಬ್ ಎರಡೂ 36 ತೂತಿನವು. ಕೂಡಿದರೆ ಹಳೇದೂ 72, ಹೊಸದೂ 72. ಒಟ್ಟು ಸರಿಯಿದೆ, ಹಂಚಿಕೆ ತಪ್ಪಿದೆ. ಹಾಗಾಗಿ ಹಳೇ ರಿಮ್ ಉಳಿಸಿಕೊಳ್ಳುವ ಆಸೆ ಅಲ್ಲೇ ಬಿತ್ತು. 36 ತೂತಿನ ರಿಮ್ ಸುಲಭವಾಗಿ ಸಿಗೋದು 700ಸಿ ಅಳತೆಯಲ್ಲಿ. ಈಗಿನ ಹೈಬ್ರಿಡ್ ಸೈಕಲ್‌ಗಳಿಗೆ ಬರುವ ಅಳತೆ.

ಇಲ್ಲೇ ನಾನು ಮೊದಲ ಪೆಟ್ಟು ತಿಂದೆ. ಹಳೇ ರಾಲಿಯ ಟೈರಿನ ಮೇಲೆ 28 ಇಂಚು ಅಂತ ಇರುತ್ತದೆ. 700ಸಿ ಟೈರಿನ ಮೇಲೂ ಎಷ್ಟೋ ಸಲ 28 ಅಂತಲೇ ಇರುತ್ತದೆ. ಎರಡೂ 28 ಅಲ್ವಾ ಅಂದುಕೊಂಡು, ಹೊಸದಾಗಿ ಕೊಂಡಿದ್ದ ಒಂದು ಜೊತೆ 28 × 1½ ಟೈರನ್ನು ಹೊಸ ರಿಮ್ಮಿಗೆ ಹಾಕಲು ಹೋದೆ. ಬಳೆ ಅಂಗಡಿಯಲ್ಲಿ ಅಮ್ಮನ ಬಳೆ ಮಗಳ ಕೈಗೆ ಹಾಕಿದ ಹಾಗಾಯಿತು. ಹಳೇ 28ರ ರಿಮ್ಮಿನ ವ್ಯಾಸ 635 ಮಿಲಿಮೀಟರ್, 700ಸಿಯದು 622. ಹದಿಮೂರು ಮಿಲಿಮೀಟರ್ ಸಡಿಲ. ಇಂಚಿನ ಮಾತು ನಂಬಬೇಡಿ. ಟೈರಿನ ಪಕ್ಕೆಯಲ್ಲಿ ಸಣ್ಣದಾಗಿ 38-622 ಅಂತ ಒತ್ತಿರುತ್ತಾರೆ. ಅದೊಂದೇ ನಿಜ.

ಇನ್ನೊಂದು ತೊಡಕು. ರಿಮ್ ಬದಲಾದರೆ ರಾಡ್ ಬ್ರೇಕ್ ಕೆಲಸಕ್ಕೆ ಬರುವುದಿಲ್ಲ. ರಬ್ಬರ್ ಒತ್ತಿಕೊಳ್ಳಲು ಒಳಮೈಯಲ್ಲಿ ಚಪ್ಪಟೆ ಜಾಗ ಹೊಸ ರಿಮ್ಮಿಗೆ ಇಲ್ಲ. ಈಗಿನ ಕ್ಲಿಪ್ಪಿನಂಥ ಬ್ರೇಕ್ ಹಾಕೋಣ ಅಂದರೆ ಹಳೇ ಫೋರ್ಕಿನಲ್ಲಿ ಅದು ಟೈರ್ ದಾಟಿ ರಿಮ್ಮನ್ನು ಮುಟ್ಟಬೇಕಲ್ಲ, ಅಷ್ಟು ಉದ್ದದ ಕೈ ಬೇಕು. ಈ ಎಲ್ಲಕ್ಕೂ ಒಂದೇ ಉತ್ತರ ಡ್ರಮ್. ಡ್ರಮ್ ಬ್ರೇಕಿಗೆ ರಿಮ್ಮಿನ ಹಂಗೇ ಇಲ್ಲ.

ಇಂಗ್ಲೆಂಡಿನಲ್ಲಿರುವ ಸೋದರತ್ತೆಯ ಮಗ ಸಂಕ್ರಾಂತಿಗೆ ಬಂದಾಗ ಸೂಟ್‌ಕೇಸಿನಲ್ಲಿ ಬಟ್ಟೆಯ ಮಧ್ಯೆ ಸುತ್ತಿ ತಂದುಕೊಟ್ಟ. "ಹಬ್ ಬಂತು!" ಅಂತ ಒಳಗೆ ಕೂಗಿದೆ. ನನ್ನವಳು ಅಡುಗೆಮನೆಯಿಂದಲೇ, "ಹಬ್ಬ ಬಂದಿದೆ ಅಂತ ನನಗೂ ಗೊತ್ತು, ಎಳ್ಳು ಬೀರೋಕೆ ಹೊರಡಿ" ಅಂದಳು. ಹಬ್ಬಕ್ಕಿಂತ ಹಬ್‌ಗೇ ಜಾಸ್ತಿ ಖರ್ಚಾಗಿದ್ದು ಆಮೇಲೆ ಗೊತ್ತಾಯಿತು, ಬಿಡಿ.

ಕೆಲಸ ಮಾಡಿದ್ದು ನಮ್ಮ ಅಗ್ರಹಾರದ ಕಡೆಯ ಒಬ್ಬ ಹಳೇ ಮೇಸ್ತ್ರಿ. ಅಂಗಡಿಗೆ ಬೋರ್ಡಿಲ್ಲ. ಮರದ ಪೆಟ್ಟಿಗೆ, ನೀರಿನ ಬೋಗುಣಿ, ಗಾಳಿ ಪಂಪು, ಗೋಡೆಯಲ್ಲಿ ನೇತಾಡುವ ಚೈನುಗಳು. ಹಬ್ ಕೈಗೆ ತೆಗೆದುಕೊಂಡು ತೂಗಿ ನೋಡಿದರು. "ಏನ್ ಸಾರ್ ಇದು, ಲೂನಾ ಹಬ್ಬಾ?" ಅಂದರು. ಡ್ರಮ್ಮಿನ ಪಕ್ಕ ಇರುವ ಉದ್ದ ಪಟ್ಟಿ ಯಾಕೆ ಅಂತ ನಾನು ವಿವರಿಸಲು ಬಾಯಿ ತೆಗೆದೆ. ಅಷ್ಟರಲ್ಲಿ ಅವರೇ ಅದನ್ನು ಫೋರ್ಕಿನ ಕಾಲಿಗೆ ಒರಗಿಸಿ ಹಿಡಿದಿದ್ದರು. "ಇಲ್ಲಿ ಕ್ಲ್ಯಾಂಪ್ ಮಾಡದೇ ಇದ್ರೆ ಬ್ರೇಕ್ ಹಿಡಿದ ತಕ್ಷಣ ಪ್ಲೇಟೇ ತಿರುಗತ್ತೆ. ಲೂನಾದಲ್ಲೂ ಹಿಂಗೇ."

ಮೊದಲ ದಿನ ಬರೀ ಫ್ರೇಮು. ಹಿಂದಿನ ಕಿವಿಗಳ ನಡುವೆ ನಾನು ಅಳೆದಾಗ 114 ಮಿಲಿಮೀಟರ್ ಇತ್ತು. ಹೊಸ ಹಬ್ ಅದಕ್ಕಿಂತ ಒಂದು ಸೆಂಟಿಮೀಟರಿಗೂ ಜಾಸ್ತಿ ಅಗಲ. ಸ್ಟೀಲ್ ಫ್ರೇಮು, ಬಗ್ಗುತ್ತದೆ. ಆದರೆ ಎರಡು ಕಡೆಯೂ ಸಮ ಬಗ್ಗಬೇಕು. ಅದೇ ಕಷ್ಟ. ಮೇಸ್ತ್ರಿ ಒಂದು ಉದ್ದ ಥ್ರೆಡ್ ರಾಡ್ ತಂದು, ಎರಡು ಕಿವಿಗಳ ಮಧ್ಯೆ ಇಟ್ಟು, ಒಳಗಡೆಯಿಂದ ನಟ್ ತಿರುಗಿಸುತ್ತಾ ಹೋದರು. ಅರ್ಧ ಸುತ್ತು, ಬೀಡಿ. ಅರ್ಧ ಸುತ್ತು, ಪಕ್ಕದ ಹೂವಿನವರ ಜೊತೆ ಮಾತು. ಬಿಟ್ಟರೆ ಸ್ಟೀಲು ಹಿಂದಕ್ಕೆ ಬರುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಮುಂದೆ ಹೋಗಿ ವಾಪಸ್ ಬಿಡಬೇಕು. ಆಮೇಲೆ ಒಂದು ಕಿವಿಗೆ ನೂಲು ಕಟ್ಟಿ, ಹ್ಯಾಂಡಲ್ ಕೆಳಗಿನ ಕೊಳವೆ ಸುತ್ತಿಸಿ, ಇನ್ನೊಂದು ಕಿವಿಗೆ ಬಿಗಿದರು. ಸೀಟಿನ ಕೊಳವೆಯ ಆ ಕಡೆ ಈ ಕಡೆ ನೂಲಿಗೆ ಎಷ್ಟು ದೂರ ಅಂತ ತೆಂಗಿನ ಗರಿಕಡ್ಡಿಯಿಂದ ಅಳೆದರು. ಎಡಗಡೆ ಒಂದು ಕೂದಲೆಳೆ ಜಾಸ್ತಿ. ಕೈಯಿಂದಲೇ ಒಮ್ಮೆ ಅದುಮಿದರು. ಮತ್ತೆ ಗರಿಕಡ್ಡಿ. ಸರಿಯಾಯಿತು. ನನ್ನ ಕೈಲಿದ್ದ ಡಿಜಿಟಲ್ ಅಳತೆಪಟ್ಟಿ ನಾನು ಮೆಲ್ಲಗೆ ಜೇಬಿಗೆ ಹಾಕಿಕೊಂಡೆ.

ಮುಂದಿನ ಫೋರ್ಕಿನಲ್ಲೂ ಸ್ವಲ್ಪ ಇದೇ ಕಥೆ. ಜೊತೆಗೆ ಹೊಸ ಆಕ್ಸಲ್ ಹಳೇದಕ್ಕಿಂತ ದಪ್ಪ. ಕಿವಿಯ ಸಂದಿಯನ್ನು ಅರದಿಂದ ಸ್ವಲ್ಪವೇ ಸ್ವಲ್ಪ ಉಜ್ಜಬೇಕಾಯಿತು. ಮುಟ್ಟುವುದಿಲ್ಲ ಅಂದಿದ್ದ ಮಾತು ಅಲ್ಲಿ ಒಂದು ಕಡೆ ಮುರಿಯಿತು. ಹಳೇ ಆಕ್ಸಲ್ ಈಗಲೂ ಅಲ್ಲಿ ಕೂರುತ್ತದೆ ಅಂತ ಸಮಾಧಾನ ಮಾಡಿಕೊಂಡಿದ್ದೇನೆ.

ಎರಡನೇ ದಿನ ಚಕ್ರ ಕಟ್ಟಿದ್ದು. ಕಡ್ಡಿಯ ಉದ್ದ ನಾನೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತರಿಸಿದ್ದೆ. ಹಿಂದಿನದಕ್ಕೆ ಸರಿಯಾಯಿತು, ಮುಂದಿನದಕ್ಕೆ ನಾಲ್ಕು ಮಿಲಿಮೀಟರ್ ಉದ್ದ. ತಪ್ಪು ನನ್ನದೇ. ಡ್ರಮ್ ಹಬ್ಬಿನ ಹೊಟ್ಟೆ ದೊಡ್ಡದು, ಕಡ್ಡಿ ಚಿಕ್ಕದಿರಬೇಕು. ಮಾಮೂಲು ಹಬ್ಬಿನ ಅಳತೆ ಹಾಕಿಬಿಟ್ಟಿದ್ದೆ. ಮೇಸ್ತ್ರಿ ಏನೂ ಅನ್ನಲಿಲ್ಲ. ಉದ್ದದ ಕಡ್ಡಿಗಳನ್ನು ತೆಗೆದು ಕಿಟಕಿಯ ಮೇಲಿಟ್ಟರು. ಹುಡುಗನನ್ನು ಕಳಿಸಿ ಬೇರೆ ತರಿಸಿದರು.

ಅವರು ಬೆಂಡ್ ತೆಗೆಯೋದು ನೋಡಬೇಕು. ಸೈಕಲ್ ತಲೆಕೆಳಗು. ಚಕ್ರ ತಿರುಗಿಸಿ, ಸೀಮೆಸುಣ್ಣದ ಚೂರನ್ನು ರಿಮ್ಮಿನ ಹತ್ತಿರ ಅಲುಗಾಡದಂತೆ ಹಿಡಿಯುತ್ತಾರೆ. ರಿಮ್ ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ಬಿಳೀ ಗೀಟು ಬೀಳುತ್ತದೆ. ಆ ಗೀಟಿನ ಜಾಗದಲ್ಲಿ ಆ ಕಡೆಯ ಕಡ್ಡಿ ಕಾಲು ಸುತ್ತು ಬಿಗಿ, ಈ ಕಡೆಯದು ಕಾಲು ಸುತ್ತು ಸಡಿಲ. ಒರೆಸಿ, ಮತ್ತೆ ತಿರುಗಿಸಿ, ಮತ್ತೆ ಸುಣ್ಣ. ಗೀಟು ಮೊದಲು ಬೆರಳುದ್ದ, ಆಮೇಲೆ ಉಗುರುದ್ದ, ಆಮೇಲೆ ರಿಮ್ಮಿನ ಸುತ್ತಲೂ ತೆಳ್ಳಗೆ ಒಂದೇ ಸಮ. ಅಲ್ಲಿಗೆ ನಿಲ್ಲಿಸಿದರು. 1,100 ಕಿಲೋಮೀಟರ್ ಆದಮೇಲೂ ಎರಡು ಚಕ್ರದಲ್ಲಿ ಯಾವುದಕ್ಕೂ ಬೆಂಡ್ ಬಂದಿಲ್ಲ, ನಮ್ಮ ರಸ್ತೆಗಳಲ್ಲಿ.

ಒಂದು ಕಡೆ ಮಾತ್ರ ನನ್ನ ಓದು ಉಪಯೋಗಕ್ಕೆ ಬಂತು. ಹಬ್ ಜೊತೆ ಹಲ್ಲಿರುವ ಎರಡು ವಾಷರ್ ಬರುತ್ತವೆ. ಮೇಸ್ತ್ರಿ ಅವನ್ನು ಸ್ಪೇರ್ ಅಂತ ಪೆಟ್ಟಿಗೆಗೆ ಹಾಕುತ್ತಿದ್ದರು. ಹಲ್ಲು ಕಿವಿಯ ಸಂದಿಯೊಳಗೆ ಕೂತು ಆಕ್ಸಲ್ ತಿರುಗದಂತೆ ತಡೆಯಬೇಕು. ಅದಿಲ್ಲದಿದ್ದರೆ ಗೇರ್ ಹಾಕಿ ತುಳಿದಾಗ ಆಕ್ಸಲ್ಲೇ ತಿರುಗಿ, ಗೇರು ತಪ್ಪುತ್ತದೆ. ನೀವು ಬೇರೆ ಕಡೆ ಮಾಡಿಸುವುದಾದರೆ ಇದನ್ನು ಪಕ್ಕದಲ್ಲೇ ನಿಂತು ನೋಡಿಕೊಳ್ಳಿ.

ಪೆಡಲ್ ಕಡೆ ಏನೂ ಹೊಸದು ಹಾಕಲಿಲ್ಲ. ನಾಟಿಂಗ್‌ಹ್ಯಾಮಿನ ರಾಲಿಯ ಆ ಜಾಗದ ಥ್ರೆಡ್ಡು ಇಂಚಿಗೆ 26 ಸುತ್ತು. ಲೋಕಕ್ಕೆಲ್ಲ 24. ಇವತ್ತಿನ ಬೇರಿಂಗ್ ಡಬ್ಬಿ ಅಲ್ಲಿ ಹೋಗುವುದೇ ಇಲ್ಲ. ಬಲವಂತ ಮಾಡಿದರೆ ಫ್ರೇಮು ಹಾಳು. ಪೆಡಲ್ ಕೈಯನ್ನು ಬಿಗಿದಿಡುವ ಕಾಟರ್ ಪಿನ್ ಬಡಿದು ತೆಗೆದು, ಒಳಗಿನ ಗುಂಡುಗಳನ್ನು ಬದಲಾಯಿಸಿ, ಗ್ರೀಸ್ ತುಂಬಿ ಮುಚ್ಚಿದೆವು. ಕಾಲಿಂಚಿನ ಗುಂಡು, ಕಡೆಗೆ ಹನ್ನೊಂದರಂತೆ. ಬೇರಿಂಗಿನ ಬಟ್ಟಲುಗಳು 1953ರವೇ. ಒಂದು ಗೀರೂ ಇಲ್ಲ.

ಗೇರಿನ ಲೆಕ್ಕ ಹೇಳುತ್ತೇನೆ. ಮುಂದೆ 46 ಹಲ್ಲು, ಅದೇ ಕೊಕ್ಕರೆ ಚಕ್ರ. ಹಿಂದೆ ಮೊದಲು 18 ಇತ್ತು. ಒಂದು ಸುತ್ತು ಪೆಡಲ್ ತುಳಿದರೆ ಸೈಕಲ್ ಸುಮಾರು 5.7 ಮೀಟರ್ ಮುಂದೆ ಹೋಗುತ್ತಿತ್ತು. ಸಮತಟ್ಟಿಗೆ ಚೆನ್ನ, ಏರಿಗೆ ಶಿಕ್ಷೆ. ಈ ಹಬ್ಬಿಗೆ ಹಿಂದೆ 22 ಹಲ್ಲಿನ ಚಕ್ರ ಹಾಕಿಸಿದೆ. ಚೈನಿಗೆ ಎರಡು ಕೊಂಡಿ ಸೇರಿಸಬೇಕಾಯಿತು. ಈಗ ಒಂದನೇ ಗೇರಲ್ಲಿ 3.4 ಮೀಟರ್, ಎರಡರಲ್ಲಿ 4.6, ಮೂರರಲ್ಲಿ 6.1. ಹಬ್ ಜೊತೆ ಬರುವ ಸಣ್ಣ ಚಕ್ರವನ್ನೇ ಹಾಕಿಕೊಂಡರೆ ಮೂರನೇ ಗೇರು ಅಲಂಕಾರಕ್ಕೆ ಇರುತ್ತದೆ. 21 ಕಿಲೋ ತೂಕದ ಸೈಕಲ್ಲು, ಐವತ್ತೆರಡು ವರ್ಷದ ಕಾಲು. 22 ಹಲ್ಲೇ ಸರಿ.

ಒಳಗೆ ನಡೆಯೋದು ಒಂಥರಾ ನವಗ್ರಹ ಪ್ರದಕ್ಷಿಣೆ. ನಡುವೆ ಆಕ್ಸಲ್ಲಿಗೆ ಅಂಟಿದ ಒಂದು ಹಲ್ಲುಚಕ್ರ, ಅದು ಅಲುಗುವುದಿಲ್ಲ. ಅದರ ಸುತ್ತ ಪುಟ್ಟ ಹಲ್ಲುಚಕ್ರಗಳು ಒಂದು ಪಂಜರದಲ್ಲಿ ಕೂತು ಸುತ್ತುತ್ತವೆ. ಅವನ್ನೆಲ್ಲ ಸುತ್ತುವರಿದು ಒಳಹಲ್ಲಿನ ಒಂದು ಬಳೆ. ಎರಡನೇ ಗೇರಲ್ಲಿ ಚೈನಿನ ಚಕ್ರ ಎಷ್ಟು ತಿರುಗುತ್ತದೋ ಗಾಲಿಯೂ ಅಷ್ಟೇ. ಒಂದರಲ್ಲಿ ಚೈನು ಬಳೆಯನ್ನು ತಿರುಗಿಸುತ್ತದೆ, ಗಾಲಿಯನ್ನು ಪಂಜರ ಎಳೆಯುತ್ತದೆ, ನಿಧಾನ. ಮೂರರಲ್ಲಿ ಉಲ್ಟಾ. ಇಷ್ಟನ್ನೂ ನಡೆಸೋದು ಆಕ್ಸಲ್ಲಿನ ತೂತಿನಿಂದ ಹೊರಬರುವ, ಕಾಲ್ಗೆಜ್ಜೆಯ ಸರದಷ್ಟು ತೆಳ್ಳನೆಯ ಒಂದು ಸರಪಳಿ. ಕೇಬಲ್ ಏನಾದರೂ ತುಂಡಾದರೆ ಹಬ್ ತಾನಾಗಿ ಮೂರನೇ ಗೇರಿಗೆ ಹೋಗುತ್ತದೆ. ಮನೆಗೆ ಬರಬಹುದು, ಏರಿಲ್ಲದಿದ್ದರೆ.

ಹಳೇ ಸ್ಟರ್ಮಿ ಓಡಿಸಿದವರಿಗೆ ಒಂದು ಭಯ ಇರುತ್ತದೆ. ಎರಡಕ್ಕೂ ಮೂರಕ್ಕೂ ನಡುವೆ ಒಂದು ಖಾಲಿ ಜಾಗ. ಅಲ್ಲಿ ಸಿಕ್ಕಿದರೆ ಪೆಡಲ್ ಗಾಳಿಯಲ್ಲಿ ತಿರುಗಿ, ಎದ್ದುನಿಂತು ತುಳಿಯುತ್ತಿದ್ದರೆ ನೇರ ಅಡ್ಡ ಬಾರಿನ ಮೇಲೆ. ಗಂಡಸರಿಗೆ ಹೆಚ್ಚು ವಿವರ ಬೇಡ. ಹೊಸ ಹಬ್ಬಿನಲ್ಲಿ ಆ ಖಾಲಿ ಜಾಗ ತೆಗೆದಿದ್ದಾರೆ. ತೈವಾನಿನವರಿಗೆ ಇದೊಂದಕ್ಕೇ ನಮಸ್ಕಾರ.

ಗೇರು ಆಡೋದು ಸುಲಭ. ತುಳಿಯೋದು ಒಂದು ಕ್ಷಣ ನಿಲ್ಲಿಸಿ, ಲಿವರ್ ಒತ್ತಿ, ಮತ್ತೆ ತುಳಿ. ಸಿಗ್ನಲ್ಲಿನಲ್ಲಿ ನಿಂತೇ ಒಂದಕ್ಕೆ ಹಾಕಬಹುದು. ಡಿರೇಲರ್‌ನಲ್ಲಿ ಇದು ಆಗುವುದಿಲ್ಲ. ಊರೊಳಗೆ ಇದರಷ್ಟು ಅನುಕೂಲ ಬೇರೆ ಇಲ್ಲ.

ಬ್ರೇಕ್ ಮೊದಲ ವಾರ ನಿರಾಸೆ ಮಾಡಿತು. ಹಿಡಿದರೆ ಯೋಚಿಸಿ ನಿಲ್ಲುತ್ತಿತ್ತು. ಇಪ್ಪತ್ತೆಂಟು ಸಾವಿರಕ್ಕೆ ಇದಾ ಅನ್ನಿಸಿತು. ಹೊಸ ಲೈನರ್ ಡ್ರಮ್ಮಿಗೆ ಉಜ್ಜಿ ಹೊಂದಿಕೊಳ್ಳುವವರೆಗೆ ಹಾಗೇ ಇರುತ್ತದೆ. ಸುಮಾರು 200 ಕಿಲೋಮೀಟರ್ ಆದಮೇಲೆ ಕಚ್ಚಲು ಶುರುವಾಯಿತು. ಈಗ ಎರಡು ಬೆರಳು ಸಾಕು. ಜೂನಿನಲ್ಲಿ ಮತ್ತೆ ಅದೇ ಲಲಿತಮಹಲ್ ರಸ್ತೆಯಲ್ಲಿ, ಬೇಕಂತಲೇ ಜೋರು ಮಳೆಯಲ್ಲಿ ಇಳಿದೆ. ನಡುವೆ ಒಂದು ಕಡೆ ಸುಮ್ನೆ ಹಿಡಿದು ನೋಡಿದೆ. ಒಣ ರಸ್ತೆಯಲ್ಲಿ ಎಷ್ಟೋ ಅಷ್ಟೇ. ಕಿರುಚಲಿಲ್ಲ, ಜಾರಲಿಲ್ಲ. ಎಪ್ಪತ್ತು ವರ್ಷ ದಾಟಿದ ಸೈಕಲ್ ಮಳೆಯಲ್ಲಿ ನಾನು ಹೇಳಿದ ಜಾಗದಲ್ಲಿ ನಿಂತಿದ್ದು ಅದೇ ಮೊದಲು.

ಆಷಾಢದಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿಬಂದೆ. ಬರುವಾಗ ಸಿದ್ದಲಿಂಗಪುರದ ಹತ್ತಿರ ಎದುರುಗಾಳಿ, ಶರ್ಟು ಬಲೂನಿನ ಹಾಗೆ. ಹಿಂದೆ ಇಂಥ ಗಾಳಿಗೆ ಇಳಿದು ತಳ್ಳುತ್ತಿದ್ದೆ. ಈ ಸಲ ಒಂದನೇ ಗೇರಲ್ಲಿ ಎತ್ತಿನಗಾಡಿ ವೇಗದಲ್ಲಿ, ಆದರೆ ಕೂತೇ ಬಂದೆ. ಚಾಮುಂಡಿ ಬೆಟ್ಟ? ತಾವರೆಕಟ್ಟೆಯಿಂದ ಶುರು ಮಾಡಿ, ಮೂರು ಕಡೆ ನೀರು ಕುಡಿದು, ಅರ್ಧ ದಾರಿ ತುಳಿದೆ. ಉಳಿದ ಅರ್ಧ ತಳ್ಳಿದೆ. ಮೂರು ಗೇರಿನಿಂದ ಬೆಟ್ಟ ಹತ್ತಬಹುದು ಅಂತ ಯಾರಾದರೂ ಹೇಳಿದರೆ ಅವರ ವಯಸ್ಸು ಕೇಳಿ. ಇಳಿಯುವಾಗ ಡ್ರಮ್ ಬಿಸಿಯಾಗುತ್ತದೆ. ಕೆಳಗೆ ಬಂದು ಮುಟ್ಟಿ ಬೆರಳು ಚುರ್ರೆನ್ನಿಸಿಕೊಂಡೆ. ಉದ್ದ ಇಳಿಜಾರಿನಲ್ಲಿ ಹಿಡಿದೇ ಇರಬಾರದು, ಬಿಟ್ಟು ಬಿಟ್ಟು ಹಿಡಿಯಬೇಕು.

ದೂರುಗಳೂ ಇವೆ. ಹಿಂಚಕ್ರ ಬಿಚ್ಚೋದು ಅಂದರೆ ಗೇರಿನ ಸರಪಳಿ, ಬ್ರೇಕ್ ಕೇಬಲ್, ಕ್ಲ್ಯಾಂಪು, ಎರಡು ನಟ್ಟು, ವಾಷರುಗಳು. ದಾರಿಯಲ್ಲಿ ಪಂಕ್ಚರಾದರೆ ಅಳು ಬರುತ್ತದೆ. ಆದರೆ ನಮ್ಮ ಪಂಕ್ಚರ್ ಅಂಗಡಿಯವರು ಚಕ್ರ ಬಿಚ್ಚುವುದೇ ಇಲ್ಲವಲ್ಲ. ಟೈರಿನ ಒಂದು ಪಕ್ಕ ಎಬ್ಬಿಸಿ, ಟ್ಯೂಬ್ ಹೊರಗೆಳೆದು, ನೀರಲ್ಲಿ ಮುಳುಗಿಸಿ, ಪ್ಯಾಚ್ ಹಾಕಿ ಒಳಗೆ ತಳ್ಳುತ್ತಾರೆ. ಬೆಳಗೊಳದ ಹತ್ತಿರ ಹಾಗೇ ಆಯಿತು, ಹದಿನೈದು ನಿಮಿಷ. ಒಂದು ಮಾತು: 700ಸಿ ಟ್ಯೂಬ್ ಕೊಳ್ಳುವಾಗ ತೆಳ್ಳನೆ ವಾಲ್ವಿನದು ಬೇಡ. ಮೋಟರ್ ಸೈಕಲ್ಲಿನಂಥ ದಪ್ಪ ವಾಲ್ವಿನದು ತಗೊಳ್ಳಿ. ಅದಾದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ.

ನೋಟಕ್ಕೂ ಸ್ವಲ್ಪ ಕೊರತೆ ಆಗಿದೆ. ರಿಮ್ ಚಿಕ್ಕದಾದ್ದರಿಂದ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಸಂದಿ ಜಾಸ್ತಿ. ಉದ್ದ ಬೆಳೆಯಲಿ ಅಂತ ಹೊಲಿಸಿದ ಸ್ಕೂಲ್ ಯೂನಿಫಾರ್ಮ್ ಥರ. ಹ್ಯಾಂಡಲ್ ಮೇಲೆ ಹಳೇ ರಾಡ್ ಲಿವರ್ ಹಾಗೇ ಇದೆ, ಕೆಳಗೆ ಹೊಸ ಕೇಬಲ್ ಲಿವರ್. ಮೊದಲ ತಿಂಗಳು ಗಾಬರಿಯಲ್ಲಿ ಎಷ್ಟೋ ಸಲ ಹಳೇದನ್ನೇ ಹಿಡಿದೆ. ಅದು ಎಲ್ಲಿಗೂ ಸೇರಿಲ್ಲ, ಸುಮ್ನೆ ಕುಣಿಯುತ್ತದೆ. ನೀವು ಅಲಂಕಾರಕ್ಕೆ ಅಂತ ಉಳಿಸಿಕೊಂಡರೆ ಅದನ್ನು ತಂತಿ ಕಟ್ಟಿ ಬಿಗಿದುಬಿಡಿ. ನಾನು ಹಾಗೇ ಮಾಡಿದ್ದೇನೆ.

ಖರ್ಚು: ಎರಡು ಹಬ್, ಲಿವರ್‌ಗಳು, ಕೇಬಲ್ ಸೇರಿ 19,000 ರೂಪಾಯಿ. ರಿಮ್ 2,600. ಕಡ್ಡಿ 1,100, ನಾನು ತಪ್ಪು ತರಿಸಿದ್ದು ಬಿಟ್ಟು. ಟೈರು, ಟ್ಯೂಬು 2,800. ಮೇಸ್ತ್ರಿಗೆ ಕೊಟ್ಟಿದ್ದು 2,500. ಅವರು ಕೇಳಿದ್ದು 1,200. ಒಟ್ಟು 28,000. ಇದೇ ದುಡ್ಡಿಗೆ ಒಳ್ಳೇ ಹೊಸ ಗೇರ್ ಸೈಕಲ್ ಬರುತ್ತದೆ, ಹಗುರವಾಗಿಯೂ ಇರುತ್ತದೆ. ಲೆಕ್ಕ ನೋಡುವವರು ಅದನ್ನೇ ಕೊಳ್ಳಿ. ಅಷ್ಟು ಖರ್ಚು ಬೇಡ, ಆದರೆ ಹಳೇದನ್ನು ಓಡಿಸಬೇಕು ಅನ್ನುವವರಿಗೆ ನನ್ನ ಸಲಹೆ: ಗೇರು ಆಮೇಲೆ ನೋಡಿ, ಮೊದಲು ಮುಂದಿನ ಡ್ರಮ್ ಹಬ್ ಒಂದನ್ನೇ ಹಾಕಿಸಿ. ಹಿಂದಿನದು ಹಳೇದೇ ಇರಲಿ. ಮೂರನೇ ಒಂದು ಭಾಗದ ಖರ್ಚಿನಲ್ಲಿ ಮುಕ್ಕಾಲು ಪಾಲು ಸುಖ ಸಿಗುತ್ತದೆ.

ಹಳೇ ಚಕ್ರಗಳು ಗೋಣಿಚೀಲದಲ್ಲಿ, ಎಣ್ಣೆ ಸವರಿಕೊಂಡು ಅಟ್ಟದ ಮೇಲಿವೆ. ಪಕ್ಕದಲ್ಲಿ ಚೈನ್‌ಕೇಸ್. ಅದೊಂದು ಇನ್ನೂ ಬಗೆಹರಿದಿಲ್ಲ. 18ರ ಜಾಗಕ್ಕೆ 22 ಹಲ್ಲು ಬಂದಮೇಲೆ ಚಕ್ರ ಒಂದು ಬೆರಳು ದೊಡ್ಡದಾಗಿ, ಚೈನು ಕೇಸಿನ ಹಿಂಬದಿಗೆ ತಗಲಿ ಕರಕರ ಅನ್ನುತ್ತದೆ. ಈಗ ಅದಿಲ್ಲದೇ ಓಡಿಸುತ್ತಿದ್ದೇನೆ, ಪ್ಯಾಂಟಿಗೆ ತಾತನ ಕ್ಲಿಪ್ಪು ಹಾಕಿಕೊಂಡು. ಒಳಗಡೆಯಿಂದ ಮರದ ಸುತ್ತಿಗೆಯಲ್ಲಿ ಬಡಿದು ಸ್ವಲ್ಪ ಉಬ್ಬಿಸಬಹುದು ಅಂತ ಮೇಸ್ತ್ರಿ ಹೇಳುತ್ತಾರೆ. ಬಣ್ಣ ಚಕ್ಕೆ ಏಳುತ್ತದೇನೋ ಅಂತ ನಾನು ಹಿಂದೆಮುಂದೆ ನೋಡುತ್ತಿದ್ದೇನೆ. ಹೋದ ವಾರ ಮತ್ತೆ ಕೇಳಿದೆ. ಪಂಪ್ ಹೊಡೆಯುತ್ತಲೇ, "ದಸರಾ ಮುಗೀಲಿ ಸಾರ್, ನೋಡೋಣ" ಅಂದರು.